ಎಣಿಕೆಯೂ ನಿರೀಕ್ಷೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲೂಕುಗಳ ನೆಲವನ್ನು ಬಲ್ಲವರಿಗೆ ಅಲ್ಲಿಯ ಮುಂಗಾರಿನ ಮೊದಲ ದಿನಗಳು ಎಂತಹವೆಂದು ನಾವು ಹೇಳಬೇಕಾದುದಿಲ್ಲ. ಹೊಲವನ್ನು ಹರಗಿ ಹಸನು ಮಾಡಿದ್ದಾಗಿದೆ. ಜೋಳ, ಸಜ್ಜೆ, ಶೇಂಗಾಗಳ ಬೀಜವು ಮನೆಯ ಮೂಲೆಯಲ್ಲಿ ಸಿದ್ಧವಾಗಿದೆ. ಬಿತ್ತುವುದಕ್ಕೆ ಕೂರಿಗೆಯಿರಲಿ, ಟ್ರ್ಯಾಕ್ಟರಿರಲಿ, ಒಕ್ಕಲುಮಗನ ಕಣ್ಣು ಮಾತ್ರ ಆಕಾಶದಲ್ಲಿಯೇ ನೆಟ್ಟಿದೆ. ರೋಹಿಣಿಯ ಮಳೆಯು ಕೈಕೊಟ್ಟರೆ ಮೃಗಶಿರೆಯಾದರೂ ಸುರಿದೀತೆಂದು ಅವನು ಲೆಕ್ಕ ಹಾಕುತ್ತಾನೆ. ಅದೂ ತಪ್ಪಿದರೆ ಆರಿದ್ರೆಯ ಕಡೆಗೆ ಬೆರಳು ಮಡಿಸುತ್ತಾನೆ. ಇಂತಿಷ್ಟು ಚೀಲ ಬೆಳೆದರೆ ಇಂತಿಷ್ಟು ಸಾಲ ತೀರುವುದು, ಉಳಿದುದರಲ್ಲಿ ಮಗಳ ಮದುವೆಯಾಗುವುದು ಎಂಬ ಎಣಿಕೆಯು ಬೀಜವು ಮಣ್ಣಿಗೆ ಬೀಳುವುದಕ್ಕಿಂತ ಮೊದಲೇ ಮನಸ್ಸಿನಲ್ಲಿ ಮೊಳೆತು, ತೆನೆಗಟ್ಟಿ, ಒಕ್ಕಣೆಯೂ ಆಗಿಬಿಟ್ಟಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ.

ಒಕ್ಕಲುಮಗನನ್ನು ಹಾಸ್ಯ ಮಾಡುವುದಕ್ಕಾಗಿ ನಾವು ಈ ಮಾತನ್ನೆತ್ತಿದವರಲ್ಲ. ಗೃಹಸ್ಥರಾದ ನಾವೆಲ್ಲರೂ ಒಂದಲ್ಲ ಒಂದು ವಿಧದಲ್ಲಿ ಅವನ ಹಾಗೆಯೇ ಬದುಕುತ್ತಿರುವೆವು. ಮಗನ ಓದು, ಮಗಳ ಮದುವೆ, ಸೊಸೆಯ ನಡತೆ, ನೆಂಟರ ಕೃತಜ್ಞತೆ, ಸಭೆಯಲ್ಲಿ ನಮಗೆ ಸಲ್ಲಬೇಕಾದ ಮರ್ಯಾದೆ, ಇವೆಲ್ಲವುಗಳ ಕುಲಾವಿಯನ್ನು ನಾವು ಮುಂಚಿತವಾಗಿಯೇ ಹೊಲಿದಿಟ್ಟುಕೊಂಡಿರುತ್ತೇವೆ. ಹುಟ್ಟಿದ ಕೂಸಿಗೆ ಅದು ಸರಿಹೊಂದದೆ ಹೋದರೆ ಕುಲಾವಿಯನ್ನು ಬಿಚ್ಚಿ ಬೇರೆ ಹೊಲಿಯುವುದನ್ನು ಬಿಟ್ಟು ಕೂಸಿನ ತಲೆಯನ್ನೇ ಒತ್ತುವೆವು. ಅದರಿಂದಲೂ ಸಾಗದೆ ಹೋದಲ್ಲಿ ದೇವರ ಮೇಲೆ ದೂರು ಹೊರಿಸುವೆವು. ಎಣಿಕೆಯನ್ನು ಬಿಟ್ಟು ದೇವರಲ್ಲಿ ಭರವಸವಿಡುವುದೆಂದರೇನು, ಅದು ನಿತ್ಯದ ಸಂಸಾರದಲ್ಲಿ ಆಗತಕ್ಕ ಮಾತೇ ಎಂಬುದನ್ನು ಈ ಲೇಖನದಲ್ಲಿ ವಾಚಕರೊಂದಿಗೆ ಕುಳಿತು ವಿಚಾರಿಸಬೇಕೆಂದಿರುವೆವು.

ಮೊದಲು ಒಂದು ಶಬ್ದದ ತೊಡಕನ್ನು ಬಿಡಿಸಿಕೊಳ್ಳುವುದು ಅಗತ್ಯ. ನಿರೀಕ್ಷೆಯನ್ನು ಬಿಟ್ಟುಬಿಡಿರೆಂದು ಯಾರಾದರೂ ಬೋಧಿಸಿದರೆ ಕನ್ನಡ ಕ್ರೈಸ್ತನು ಬೆಚ್ಚಿಬೀಳದಿರನು. ನಮ್ಮ ಸತ್ಯವೇದದಲ್ಲಿ ಪೌಲನು ನಿಲ್ಲತಕ್ಕವುಗಳೆಂದು ಹೇಳಿದ ಮೂರರಲ್ಲಿ ನಂಬಿಕೆಗೂ ಪ್ರೀತಿಗೂ ನಡುವೆ ನಿಂತಿರುವುದು ನಿರೀಕ್ಷೆಯೇ. ಅದನ್ನು ಬಿಟ್ಟ ಮೇಲೆ ಉಳಿಯುವುದಾದರೂ ಏನು? ಆದುದರಿಂದ ಬಿಡಬೇಕಾದುದಕ್ಕೆ ನಾವು ಬೇರೊಂದು ಹೆಸರನ್ನಿಡುವೆವು: ಎಣಿಕೆ. ಎಣಿಸುವುದೆಂದರೆ ಒಂದು ಎರಡು ಎಂದು ಲೆಕ್ಕ ಮಾಡುವುದೂ ಹೌದು, ಹೀಗಾಗುವುದೆಂದು ಮನಸ್ಸಿನಲ್ಲಿ ಭಾವಿಸುವುದೂ ಹೌದು. ನಮ್ಮ ಭಾಷೆಯು ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿದೆ. ನಿರೀಕ್ಷಿಸುವುದಾದರೋ ಎದುರುನೋಡುವುದು, ಬರುವವನ ದಾರಿಯನ್ನು ಕಾಯುವುದು. ಎಣಿಕೆಯ ಕಣ್ಣು ಬರತಕ್ಕ ವಸ್ತುವಿನ ಮೇಲಿರುವುದು, ನಿರೀಕ್ಷೆಯ ಕಣ್ಣು ಬರತಕ್ಕವನ ಮೇಲಿರುವುದು. ಮೊದಲನೆಯದನ್ನು ಬಿಟ್ಟ ಹೊರತು ಎರಡನೆಯದು ಗಟ್ಟಿಯಾಗದೆಂಬುದೇ ನಮ್ಮ ಲೇಖನದ ತಾತ್ಪರ್ಯವು.

ಲೂಕನು ಬರೆದ ಸುವಾರ್ತೆಯ ಕೊನೆಯಲ್ಲಿ ಎಮ್ಮಾಹುವಿನ ದಾರಿ ಹಿಡಿದ ಇಬ್ಬರು ಶಿಷ್ಯರ ವೃತ್ತಾಂತವು ವಾಚಕರಿಗೆ ತಿಳಿದದ್ದೇ. ಇಸ್ರಾಯೇಲ್ಯರಿಗೆ ಬಿಡುಗಡೆ ತರುವವನು ಈತನೇ ಎಂದು ಅವರು ಎಣಿಸಿದ್ದರು. ಆ ಎಣಿಕೆಯು ಶಿಲುಬೆಯ ಮೇಲೆ ಮುಗಿದುಹೋಯಿತೆಂದು ತಿಳಿದು ತಲೆ ತಗ್ಗಿಸಿ ನಡೆಯುತ್ತಿದ್ದರು. ಆಶ್ಚರ್ಯವೇನೆಂದರೆ, ಅವರು ಈ ದುಃಖವನ್ನು ಯಾರ ಮುಂದೆ ತೋಡಿಕೊಂಡರೋ ಆತನೇ ಅವರ ಮಗ್ಗುಲಲ್ಲಿ ನಡೆಯುತ್ತಿದ್ದ ಕರ್ತನು. ಮುರಿದ ಎಣಿಕೆಯನ್ನೇ ನೋಡುತ್ತಿದ್ದ ಕಣ್ಣಿಗೆ ಬದುಕಿಬಂದ ಸ್ವಾಮಿಯ ಗುರುತು ಹತ್ತಲಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತದೆ.

ಮುಂದೇನಾಗುವುದೆಂದು ತಿಳಿಯುವ ಹಂಬಲವು ಮನುಷ್ಯನಿಗೆ ಎಷ್ಟರಮಟ್ಟಿಗೆ ಇದೆಯೆಂಬುದಕ್ಕೆ ಈ ಸೀಮೆಯಲ್ಲಿ ದೂರ ಹುಡುಕಬೇಕಾಗಿಲ್ಲ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನರು ಕೂಡುತ್ತಾರೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಒಂದು ಮಾತಿನ ಕಾರಣಿಕವನ್ನು ಕೇಳಲು ಅಷ್ಟು ಜನಸಮೂಹವೂ ಉಸಿರು ಬಿಗಿಹಿಡಿದು ನಿಲ್ಲುವುದುಂಟು. ಆ ಮಾತಿನಲ್ಲಿ ಮಳೆಬೆಳೆಯನ್ನು ಹುಡುಕುವವರು ಹಲವರು, ರಾಜ್ಯಭಾರದ ಏರುಪೇರನ್ನು ಹುಡುಕುವವರು ಕೆಲವರು. ನೆರೆಯವರ ನಂಬುಗೆಯ ವಿಷಯವಾಗಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆ ಹಂಬಲವು ನಮ್ಮದೂ ಆಗಿದೆಯೆಂದು ಒಪ್ಪಿಕೊಳ್ಳುವುದು ಮಾತ್ರ ನ್ಯಾಯ. ಸತ್ಯವೇದವನ್ನು ಕಣ್ಣುಮುಚ್ಚಿ ತೆರೆದು, ಬೆರಳು ಬಿದ್ದ ವಚನವನ್ನು ನಾಳೆಯ ಶಕುನವೆಂದು ಓದಿಕೊಳ್ಳುವ ಕ್ರೈಸ್ತ ಮನೆಗಳು ಇಲ್ಲವೇ? ದೇವರು ನಮಗೆ ನಾಳೆಯ ಚಿತ್ರವನ್ನು ವಾಗ್ದಾನ ಮಾಡಲಿಲ್ಲ. ನಾಳೆಯೂ ಜೊತೆಯಲ್ಲಿರುವೆನೆಂದು ವಾಗ್ದಾನ ಮಾಡಿದನು.

ನಮ್ಮ ಮನೆಯ ಸಂಗತಿಯೊಂದನ್ನು ಹೇಳಿಕೊಳ್ಳುವುದಕ್ಕೆ ವಾಚಕರು ಅಪ್ಪಣೆ ಕೊಡುವರಾಗಿ ನಂಬುವೆವು. ನಮ್ಮ ಹಿರಿಯ ಮಗನು ತೊಟ್ಟಿಲಲ್ಲಿದ್ದಾಗಲೇ ಅವನನ್ನು ನಾವು ವೈದ್ಯನನ್ನಾಗಿ ಮಾಡಿಬಿಟ್ಟಿದ್ದೆವು. ಸಭೆಯವರಿಗೆ ಹೇಳಿದ್ದಾಯಿತು, ನೆಂಟರಿಗೆ ಹೇಳಿದ್ದಾಯಿತು. ಇದು ದೇವಚಿತ್ತವೆಂದು ಪ್ರಾರ್ಥನೆಯಲ್ಲಿ ದೇವರಿಗೂ ತಿಳಿಸಿದ್ದಾಯಿತು. ಹುಡುಗನು ಪ್ರವೇಶ ಪರೀಕ್ಷೆಯಲ್ಲಿ ಎರಡು ಸಾರಿ ಹಿಂದೆ ಬಿದ್ದನು. ನಾವು ಗದರಿಸಲಿಲ್ಲ. ಆದರೆ ಗದರಿಕೆಗಿಂತ ಭಾರವಾದ ಮೌನವೊಂದು ನಮ್ಮ ಮನೆಯಲ್ಲಿ ನೆಲೆಸಿತು. ಅವನು ಊಟಕ್ಕೆ ನಮ್ಮೊಡನೆ ಕುಳಿತುಕೊಳ್ಳುವುದನ್ನು ಬಿಟ್ಟನು. ನಾವು ಮಲಗಿದ ಮೇಲೆ ಅಡಿಗೆಮನೆಗೆ ಬಂದು ಆರಿದ ರೊಟ್ಟಿ ತಿಂದು ಹೋಗುತ್ತಿದ್ದನು. ಹೀಗೆ ತಿಂಗಳುಗಳು ಕಳೆದವು. ಒಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಬಳಿಕ ನಮ್ಮ ಮನೆಯಾಕೆಯು ತಗ್ಗಿದ ಧ್ವನಿಯಿಂದ, "ನೀವು ದೇವರಲ್ಲಿ ಬೇಡಿಕೊಳ್ಳೋದು ಹುಡುಗನ ಸಲುವಾಗಿಯೋ, ನಿಮ್ಮ ಸಲುವಾಗಿಯೋ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಬಹಳ ಹೊತ್ತಿನ ಮೇಲೆ ತಿಳಿದದ್ದು ಇಷ್ಟೇ: ನಾವು ಮಗನನ್ನು ದೇವರಿಗೆ ಒಪ್ಪಿಸಿದ್ದೇವೆಂದು ಹೇಳುತ್ತಿದ್ದರೂ ನಿಜವಾಗಿ ಒಪ್ಪಿಸಿದ್ದು ನಮ್ಮ ಎಣಿಕೆಯ ಪಟ್ಟಿಯನ್ನು, ಅದಕ್ಕೆ ದೇವರ ರುಜು ಬೀಳಲೆಂದು ಕಾಯುತ್ತಿದ್ದೆವು.

ಮರುದಿನ ಅವನು ತಿನ್ನಲು ಬರುವ ಹೊತ್ತಿನವರೆಗೆ ನಾವೂ ಎಚ್ಚರವಾಗಿದ್ದು ಅಡಿಗೆಮನೆಯಲ್ಲಿ ಅವನ ಪಕ್ಕದಲ್ಲಿ ಕುಳಿತೆವು. ನಮ್ಮಿಂದ ತಪ್ಪಾಯಿತೆಂದು ಹೇಳಿದೆವು. ತಂದೆಯಾದವನ ಬಾಯಿಂದ ಈ ಮಾತು ಬರುವುದು ಎಷ್ಟು ಕಷ್ಟವೆಂಬುದನ್ನು ತಂದೆಗಳೇ ಬಲ್ಲರು. ಆ ಮಗನು ಮುಂದೆ ಏನಾದನೆಂಬುದನ್ನು ನಾವಿಲ್ಲಿ ಬೇಕೆಂದೇ ಬರೆಯುವುದಿಲ್ಲ. ದೊಡ್ಡವನಾದನೆಂದು ಬರೆದರೆ, ಎಣಿಕೆ ಬಿಟ್ಟುದಕ್ಕೆ ದೇವರು ಕೊಟ್ಟ ಕೂಲಿಯೆಂದು ವಾಚಕರು ತಿಳಿದಾರು. ಆಗ ಅದೂ ಒಂದು ಹೊಸ ಎಣಿಕೆಯೇ ಆಗುವುದು. ಅವನು ಮತ್ತೆ ನಮ್ಮೊಡನೆ ಊಟಕ್ಕೆ ಕೂತನು ಎಂದಷ್ಟೇ ಹೇಳುವೆವು.

ಮನೆಯ ಮಾತು ಸಾಕು. ಈ ಸೀಮೆಯ ಚರಿತ್ರೆಯಲ್ಲಿಯೇ ಇದಕ್ಕಿಂತ ದೊಡ್ಡ ಉದಾಹರಣೆಯೊಂದಿದೆ. ಈ ಐದು ತಾಲೂಕುಗಳು ಇಂದು 2021ರಲ್ಲಿ ಸ್ಥಾಪಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಹರಪನಹಳ್ಳಿಯು ನಡುವೆ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಹಿಂತಿರುಗಿತ್ತು. ಆದರೆ 1800ರಲ್ಲಿ ನಿಜಾಮನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಕಾಲದಿಂದ ಬಹುಕಾಲದವರೆಗೆ ಇದೆಲ್ಲವೂ ಬಳ್ಳಾರಿಯ ಸೀಮೆಯೇ ಆಗಿದ್ದಿತು. ಆ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬವರು ಬಂದರು. ಅವರು ಹೊರಟಿದ್ದು ಬಳ್ಳಾರಿಗಲ್ಲ, ಶ್ರೀರಂಗಪಟ್ಟಣಕ್ಕೆ. ಆ ದಾರಿಯು ಮುಚ್ಚಿಹೋದುದರಿಂದ, ತಾವೆಣಿಸದಿದ್ದ ಈ ಒಣಸೀಮೆಯಲ್ಲಿ ಅವರು ನೆಲೆ ನಿಲ್ಲಬೇಕಾಯಿತು.

ಅಪೊಸ್ತಲರ ಕೃತ್ಯಗಳನ್ನು ಓದಿದವರಿಗೆ ಇದು ಹೊಸತಲ್ಲ. ಪೌಲನು ಬಿಥೂನ್ಯಕ್ಕೆ ಹೋಗಬೇಕೆಂದಿದ್ದನು, ದಾರಿ ಬಿಡಲ್ಪಡಲಿಲ್ಲ. ತ್ರೋವದ ಸಮುದ್ರತೀರಕ್ಕೆ ಬಂದು ನಿಂತಾಗ ಮಕೆದೋನ್ಯದ ಮನುಷ್ಯನೊಬ್ಬನು ಕರೆಯುವುದನ್ನು ರಾತ್ರಿಯ ದರ್ಶನದಲ್ಲಿ ಕಂಡನು. ಅಲ್ಲಿಗೆ ಹೋದ ಮೇಲೆ ಫಿಲಿಪ್ಪಿಯ ಹೊಳೆಯ ದಂಡೆಯಲ್ಲಿ ಧೂಮ್ರವರ್ಣದ ವಸ್ತ್ರಗಳನ್ನು ಮಾರುವ ಲುದ್ಯಳ ಮನೆಯ ಬಾಗಿಲು ತೆರೆಯಿತು. ಮುಚ್ಚಿದ ಬಾಗಿಲ ಮುಂದೆ ಪೌಲನು ಕುಳಿತು ಅಳುತ್ತಿದ್ದರೆ ಹೊಳೆದಂಡೆಯ ಆ ಮನೆಗೆ ಹೋಗುವವರು ಯಾರು?

ಹ್ಯಾಂಡ್ಸರೂ ಕುಳಿತು ಅಳಲಿಲ್ಲ. ಕನ್ನಡವನ್ನು ಕಲಿತರು, ಶಾಲೆಗಳನ್ನು ತೆರೆದರು, ಸತ್ಯವೇದವನ್ನು ಕನ್ನಡಿಸುವ ಕೆಲಸಕ್ಕೆ ಕೈಹಾಕಿದರು. ಮುಂದೆ ಕನ್ನಡ ನಿಘಂಟನ್ನು ರಚಿಸಿದ ವಿಲಿಯಂ ರೀವ್ ಅವರೂ ಬಳ್ಳಾರಿಗೆ ಬಂದು ಆ ಕೆಲಸದಲ್ಲಿ ಜೊತೆಗೂಡಿದರು. ಸುಮಾರು 20 ವರ್ಷಗಳ ದುಡಿಮೆಯ ಮೇಲೆ 1831ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ಮುದ್ರಿತವಾಯಿತು. ಒಬ್ಬ ಮನುಷ್ಯನ ಜೀವಮಾನದ ಕೆಲಸವೆಂದರೆ ಇದೇ. ಅದು ಶಾಶ್ವತವಾಗಿ ನಿಲ್ಲಬೇಕೆಂದು ಎಣಿಸಿದ್ದರೆ ತಪ್ಪೆನ್ನುವವರಾರು? ಆದರೆ ಬಹುಕಾಲವಾಗದೆ ಆ ಅನುವಾದವನ್ನು ಬಿಟ್ಟು ಹೊಸದನ್ನು ಮಾಡಬೇಕೆಂಬ ವಿಚಾರವು ಹುಟ್ಟಿತು. ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿ ಹೊಸದಾಗಿ ಕನ್ನಡಿಸಲು ತೊಡಗಿದರು. ವೈಗ್ಲೆಯವರೂ ಆ ಕೆಲಸವು ಪೂರ್ಣವಾಗುವುದನ್ನು ಕಾಣದೆ 1855ರಲ್ಲಿ ತೀರಿಕೊಂಡರು. ಇಂದು ನಾವು ಮನೆಯಲ್ಲಿ ಓದುವ ಸತ್ಯವೇದದಲ್ಲಿ ಇವರಾರ ಹೆಸರೂ ಕಾಣದು. ಆದರೂ ಅವರು ಹೂಡಿದ ಉಳುಮೆಯ ಮೇಲೆಯೇ ನಮ್ಮ ಇಂದಿನ ಓದು ನಿಂತಿದೆ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ವಿಚಿತ್ರವಾದುದು. ಬಳ್ಳಾರಿಯಲ್ಲಿ ಹ್ಯಾಂಡ್ಸರ ಬೋಧನೆಯಿಂದ ಸೇವೆಗೆ ಸಿದ್ಧರಾದವರಲ್ಲಿ ಜೋಸೆಫ್ ಟೇಲರ್ ಎಂಬವರೊಬ್ಬರು. ಅವರು 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿಯ ಮಿಷನ್ನನ್ನು ಆರಂಭಿಸಿದರು. ಅದೇ ವರ್ಷ ಹುಟ್ಟಿದ ಅವರ ಮಗ ಜೆ. ವಿ. ಎಸ್. ಟೇಲರ್ ಅವರು ದೂರದ ಗುಜರಾತಿಗೆ ಹೋಗಿ ಗುಜರಾತಿ ಭಾಷೆಗೆ ವ್ಯಾಕರಣವನ್ನು ಬರೆದು ಅಲ್ಲಿಯ ವಿದ್ವಾಂಸರ ಮನ್ನಣೆಗೆ ಪಾತ್ರರಾದರು. ಶ್ರೀರಂಗಪಟ್ಟಣಕ್ಕೆಂದು ಹೊರಟ ಮನುಷ್ಯನು ಬಳ್ಳಾರಿಯಲ್ಲಿ ಬಿತ್ತಿದ ಬೀಜವು ಗುಜರಾತಿನಲ್ಲಿ ಫಲ ಕೊಟ್ಟಿತು. ಇದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಯಾರು ಮುಂಚಿತವಾಗಿ ಬರೆದಿಡಬಲ್ಲರು?

ಇಲ್ಲಿ ವಾಚಕರು ನಮ್ಮನ್ನು ತಡೆದು ಕೇಳಬಹುದು: ಮುಚ್ಚಿದ ಬಾಗಿಲಿನ ಆಚೆಗೆ ಬೇರೊಂದು ಬಾಗಿಲು ತೆರೆಯಿತೆಂಬುದು ಸರಿ, ಯಾವ ಬಾಗಿಲೂ ತೆರೆಯದಿದ್ದವರ ಗತಿಯೇನು? ಈ ಪ್ರಶ್ನೆಯನ್ನು ನಾವು ಹಗುರವಾಗಿ ಭಾವಿಸೆವು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸು ಇಲಾಖೆಯಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಳ್ಳಿಗಳು ಬರಿದಾದವು. ಪ್ರಾರ್ಥಿಸಿದವರೂ ಸತ್ತರು, ಪ್ರಾರ್ಥಿಸದವರೂ ಸತ್ತರು. ದೇವರಲ್ಲಿ ಭರವಸವಿಡುವುದೆಂದರೆ ಕಷ್ಟಕ್ಕೆ ವಿಮೆ ಮಾಡಿಸಿದಂತೆ ಎಂದು ಬೋಧಿಸುವವನು ಆ ಹಳ್ಳಿಗಳ ಮಣ್ಣಿನ ಮೇಲೆ ನಿಂತು ಮಾತಾಡಲಾರನು.

ಪ್ರವಾದಿಯಾದ ಹಬಕ್ಕೂಕನು ಇಂತಹ ಬರಗಾಲವನ್ನೇ ಕಣ್ಣೆದುರಿಗಿಟ್ಟುಕೊಂಡು ಪ್ರಾರ್ಥಿಸಿದ್ದಾನೆ. ಅಂಜೂರವು ಚಿಗುರದೆ, ದ್ರಾಕ್ಷೆಯು ಫಲಿಸದೆ, ಹೊಲವು ಆಹಾರ ಕೊಡದೆ, ಹಟ್ಟಿಯಲ್ಲಿ ಕುರಿದನಗಳಿಲ್ಲದೆ ಹೋದರೂ ತಾನು ದೇವರಲ್ಲಿಯೇ ಹರ್ಷಿಸುವೆನೆಂಬುದು ಅವನ ಮಾತಿನ ಸಾರ. ಇವೆಲ್ಲವೂ ನಾಳೆ ಹಿಂದಿರುಗಿ ಬರುವುವೆಂದು ಅವನು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಅವನ ಎಣಿಕೆಗಳೆಲ್ಲವೂ ಒಂದೊಂದಾಗಿ ಬಿದ್ದುಹೋದವು, ನಿರೀಕ್ಷೆಯೊಂದು ನಿಂತಿತು. ಹಾಗೆಂದು ಬೇಡಿಕೊಳ್ಳಲೇಬಾರದೆಂದು ಅರ್ಥವಲ್ಲ. ಗೆತ್ಸೇಮನೆಯ ತೋಟದಲ್ಲಿ ನಮ್ಮ ಸ್ವಾಮಿಯೇ ಕಷ್ಟದ ಪಾತ್ರೆಯು ತನ್ನಿಂದ ತೊಲಗಲೆಂದು ಬೇಡಿಕೊಂಡನು. ಬೇಡಿ, ತನ್ನ ಚಿತ್ತವನ್ನು ತಂದೆಯ ಕೈಯಲ್ಲಿಟ್ಟನು. ಆದುದರಿಂದ ರೋಗಿಯ ತಾಯಿಯು ಗುಣವನ್ನು ಬೇಡಲಿ, ಸಾಲಗಾರನು ಮಳೆಯನ್ನು ಬೇಡಲಿ. ದುಃಖವನ್ನು ನುಂಗಿಕೊಂಡು ನಗುವುದು ವಿಶ್ವಾಸವಲ್ಲ. ಕೇಳಿದ್ದು ದೊರೆಯದ ದಿನವೂ ಕೇಳಿದಾತನ ಬಳಿಯನ್ನು ಬಿಟ್ಟುಹೋಗದಿರುವುದೇ ವಿಶ್ವಾಸ.

ಕಳೆದುಹೋದುದನ್ನು ಬಿಟ್ಟು ಇರುವಲ್ಲಿ ಬದುಕುವುದನ್ನೂ ಈ ಸೀಮೆಯವರು ಕಲಿತಿದ್ದಾರೆ. ತುಂಗಭದ್ರೆಗೆ 1945ರಲ್ಲಿ ಆರಂಭವಾದ ಅಣೆಕಟ್ಟು 1953ರಲ್ಲಿ ನೀರು ಹಿಡಿದಾಗ ಸುಮಾರು 90 ಹಳ್ಳಿಗಳು ಮುಳುಗಿದವು. ತಾತ ಮುತ್ತಾತಂದಿರ ಮನೆ, ಬಾವಿ, ಗೋರಿಗಳನ್ನು ನೀರಿಗೆ ಬಿಟ್ಟು ಜನರು ಬೇರೆ ನೆಲದಲ್ಲಿ ಒಲೆ ಹೂಡಬೇಕಾಯಿತು. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರವು ಇಂತಹವರಿಗಾಗಿಯೇ ಇದ್ದಂತಿದೆ. ಬೇಗನೆ ಊರಿಗೆ ಹಿಂದಿರುಗುವೆವೆಂದು ಎಣಿಸುತ್ತ ಕೂತಿದ್ದವರಿಗೆ ಅವನು, ಇದ್ದಲ್ಲಿಯೇ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿರಿ ಎಂಬ ಬುದ್ಧಿಯನ್ನು ಹೇಳಿದನು. ಎಣಿಕೆ ಬಿಡುವುದೆಂದರೆ ಕೈಕಟ್ಟಿ ಕೂಡುವುದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಇದನ್ನು ನಿತ್ಯದ ಸಂಸಾರದಲ್ಲಿ ನಡಿಸುವ ಬಗೆ ಹೇಗೆ? ಹಡಗಲಿಯ ಮಲ್ಲಿಗೆಯು ನಾಡಿಗೆಲ್ಲ ಹೆಸರಾದುದು. ಹೂವಿನ ಹಡಗಲಿಯೆಂದು ಊರಿಗೇ ಅದರಿಂದ ಹೆಸರು. ಆ ಹೂವನ್ನು ಬೆಳೆಯುವವರು ನಸುಕಿನಲ್ಲಿ ಮೊಗ್ಗು ಬಿಡಿಸಿ ಅಂದಿನ ಪೇಟೆಗೆ ಕಳುಹಿಸಲೇಬೇಕು. ಇಂದು ದರ ಇಳಿದಿದೆಯೆಂದು ಮಲ್ಲಿಗೆಯನ್ನು ಜೋಳದ ಹಾಗೆ ಹಗೇವಿನಲ್ಲಿ ತುಂಬಿಡಲಾಗದು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನವೂ ಹೀಗೆಯೇ ಇದ್ದಿತು. ನಾಳೆಗೆಂದು ಕೂಡಿಟ್ಟವರ ಪಾತ್ರೆಯಲ್ಲಿ ಅದು ಹುಳು ಹತ್ತಿತು. ಸಂಸಾರದಲ್ಲಿ ಜೋಳದಂತೆ ಕೂಡಿಡತಕ್ಕವುಗಳುಂಟು. ಬೀಜ, ಹಣ, ವಿದ್ಯೆ ಇವುಗಳನ್ನು ಜಾಣತನದಿಂದ ಕೂಡಿಡುವುದು ತಪ್ಪಲ್ಲ. ಆದರೆ ಸಮಾಧಾನ, ತಾಳ್ಮೆ, ಪ್ರೀತಿಗಳು ಮಲ್ಲಿಗೆಯ ಜಾತಿಗೆ ಸೇರಿದವು. ಅಂದಂದಿನದನ್ನು ಅಂದಂದೇ ಬೇಡಿ ಪಡೆಯಬೇಕು, ಅಂದಂದೇ ಹಂಚಬೇಕು.

ಆದುದರಿಂದ ಬೆಳಿಗ್ಗೆ ಎದ್ದಾಗ ಗೃಹಸ್ಥನು ಆ ದಿನದ ಕೆಲಸವನ್ನು ದೇವರ ಮುಂದಿಟ್ಟು, ಇದರಲ್ಲಿ ನನ್ನ ಪಾಲಿನದು ಯಾವುದು, ನನ್ನ ಕೈ ಮೀರಿದುದು ಯಾವುದು ಎಂದು ವಿಂಗಡಿಸಲಿ. ಬಿತ್ತುವುದು ತನ್ನದು, ಮಳೆ ತನ್ನದಲ್ಲ. ಮಗನಿಗೆ ಓದಿಸುವುದು ತನ್ನದು, ಅವನ ಮನಸ್ಸಿನ ಒಲವು ತನ್ನದಲ್ಲ. ಗೃಹಿಣಿಯು ನೆರೆಮನೆಯ ಬಾಣಂತಿಗೆ ಸಾರು ಕಳುಹಿಸುವಾಗ ಪಾತ್ರೆಯು ಹಿಂತಿರುಗುವುದನ್ನು ಮಾತ್ರ ಎದುರುನೋಡಲಿ, ಹೊಗಳಿಕೆಯನ್ನಲ್ಲ. ಅತ್ತೆಯು ಸೊಸೆಯನ್ನು ತನ್ನ ಮನಸ್ಸಿನ ಸೊಸೆಯೊಡನೆ ಹೋಲಿಸದಿರಲಿ. ಸೊಸೆಯು ಅತ್ತೆಯನ್ನು ತನ್ನ ತಾಯಿಯೊಡನೆ ತೂಗದಿರಲಿ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಆ ದಿನ ಎಣಿಸದೆ ಬಂದ ಒಂದು ಒಳ್ಳೆಯದನ್ನು ಮನೆಯವರಲ್ಲಿ ಒಬ್ಬೊಬ್ಬರೂ ಹೇಳಲಿ. ಮಕ್ಕಳಿಗೆ ಇದು ಬಹಳ ಬೇಗ ಬರುತ್ತದೆ, ಹಿರಿಯರಿಗೆ ತಡವಾಗುತ್ತದೆ. ಒಂದೇ ದಿನದಲ್ಲಿ ಸಾಧಿಸುವ ಮಾತಲ್ಲ ಇದು. ಬಿಟ್ಟ ಎಣಿಕೆಯು ಮರುದಿನ ಬೆಳಿಗ್ಗೆ ಮತ್ತೆ ಬಾಗಿಲಲ್ಲಿ ಬಂದು ಕೂತಿರುವುದನ್ನು ನಾವೂ ಎಷ್ಟೋ ಸಾರಿ ಕಂಡಿದ್ದೇವೆ. ಬಂದಷ್ಟು ಸಾರಿಯೂ ಬಿಡಬೇಕು.

ಹಗರಿಬೊಮ್ಮನಹಳ್ಳಿಯ ಕಡೆಗೆ ಹೋಗುವ ವಾಚಕರು ಅಂಕಸಮುದ್ರದ ಕೆರೆಯನ್ನು ನೋಡಿಕೊಂಡು ಬರುವುದೊಳ್ಳೆಯದು. ಹಿಂದಿನವರು ಹೊಲಗಳಿಗೆ ನೀರುಣಿಸಲೆಂದು ಅದನ್ನು ಕಟ್ಟಿಸಿದರು. ಇಂದು ಅದರ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಇನ್ನೂ ನಾನಾ ಜಾತಿಯ ನೀರುಹಕ್ಕಿಗಳೂ ಸಾವಿರಗಟ್ಟಲೆಯಾಗಿ ಗೂಡುಕಟ್ಟುತ್ತವೆ. 98.76 ಹೆಕ್ಟೇರಿನ ಆ ತಾಣಕ್ಕೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತು ಲೋಕದ ಮನ್ನಣೆಯು ಬಂದಿತು. ಕೆರೆ ಕಟ್ಟಿದವರ ಎಣಿಕೆಯಲ್ಲಿ ಈ ಹಕ್ಕಿಗಳು ಇದ್ದಿರಲಾರವು. ಆಕಾಶದ ಪಕ್ಷಿಗಳನ್ನು ನೋಡಿ ಕಲಿಯಬೇಕೆಂದು ಕರ್ತನು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಬೋಧಿಸಿದ್ದನ್ನು ಆ ದಂಡೆಯ ಮೇಲೆ ನಿಂತು ನೆನೆಯಬಹುದು. ಅವು ಬಿತ್ತುವುದಿಲ್ಲ, ಕಣಜ ತುಂಬುವುದಿಲ್ಲ. ಆದರೆ ಬೆಳಗಾದರೆ ಸುಮ್ಮನೆ ಕೂರುವುದೂ ಇಲ್ಲ. ಕಡ್ಡಿಯನ್ನು ಆರಿಸಿ ತರುತ್ತವೆ, ಮೀನನ್ನು ಹುಡುಕುತ್ತವೆ, ಮರಿಗೆ ಗುಟುಕು ಕೊಡುತ್ತವೆ. ನಾಳಿನ ನೀರು ಎಷ್ಟಿರುವುದೆಂದು ಅವುಗಳಿಗೆ ತಿಳಿಯದು.

ನಮಗೂ ತಿಳಿಯದು. ಈ ವರ್ಷದ ಮಳೆ ಹೇಗೋ, ಮಕ್ಕಳ ಬಾಳು ಹೇಗೋ, ನಮ್ಮ ಆಯುಸ್ಸು ಎಷ್ಟೋ. ಬೀಜವನ್ನು ಸಕಾಲದಲ್ಲಿ ಬಿತ್ತೋಣ, ಬಾಗಿಲನ್ನು ತೆರೆದಿಡೋಣ, ಊಟಕ್ಕೆ ಎಲ್ಲರೂ ಕೂಡಿ ಕುಳಿತುಕೊಳ್ಳೋಣ. ಉಳಿದುದನ್ನು ಕೊಟ್ಟವನ ಕೈಯಲ್ಲಿಯೇ ಬಿಟ್ಟು ನಿಶ್ಚಿಂತೆಯಿಂದ ಮಲಗುವ ಕೃಪೆಯನ್ನು ಆತನು ನಮ್ಮ ಮನೆಗಳಿಗೆಲ್ಲ ಅನುಗ್ರಹಿಸಲಿ.